28 ಅಂದರೆ ಯಾವ ಊರು? ಎನಮ್‌ನಲ್ಲಿ ಹೆಸರು ಹುಡುಕುವ ಬಗೆ

ವಾಹನಗಳ ಪಟ್ಟಿಯೊಂದನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓದಬೇಕಾಗಿದೆ ಎಂದುಕೊಳ್ಳಿ. ನಂಬರ್ ಪ್ಲೇಟಿನಲ್ಲಿ 'ಕೆಎ' ಆದಮೇಲೆ ಬರುವ ಸಂಖ್ಯೆಯೇ ಆರ್‌ಟಿಒ ಕಚೇರಿಯ ಗುರುತು. 'ಊರು' ಎಂಬ ಎನಮ್ (ಒಂದೊಂದು ಹೆಸರಿಗೂ ಒಂದು ಸಂಖ್ಯೆ ಜೋಡಿಸಿದ ಪಟ್ಟಿ, ಒಂದೊಂದು ಜೋಡಿಯೂ ಅದರ ಸದಸ್ಯ) ಹೀಗಿರಲಿ:

ಬೆಳಗಾವಿ = 22
ವಿಜಯಪುರ = 28
ಬಿಜಾಪುರ = 28
ಬಾಗಲಕೋಟೆ = 29

ಪೈಥಾನ್ 3ರಲ್ಲಿ ಕನ್ನಡ ಹೆಸರುಗಳು ಹೀಗೇ ನಡೆಯುತ್ತವೆ. ಎನಮ್ ಮಾಡ್ಯೂಲ್ 3.4ರಿಂದ ಜೊತೆಗೇ ಬರುತ್ತದೆ.

ಹುಡುಕಾಟದಲ್ಲಿ ಎರಡು ದಾರಿ. ಕೈಯಲ್ಲಿ ಸಂಖ್ಯೆ ಇದ್ದರೆ ದುಂಡು ಆವರಣ: ಊರು(28). ಹೆಸರು ಇದ್ದರೆ ಚೌಕ ಆವರಣ: ಊರು['ವಿಜಯಪುರ']. ಸಿಕ್ಕ ಸದಸ್ಯಕ್ಕೆ ಚುಕ್ಕಿ ಹಾಕಿ 'ನೇಮ್' ಎಂದರೆ ಹೆಸರು, 'ವ್ಯಾಲ್ಯೂ' ಎಂದರೆ ಸಂಖ್ಯೆ. ಸಿಗದಿದ್ದಾಗ ಮೊದಲನೆಯದು ವ್ಯಾಲ್ಯೂಎರರ್, ಎರಡನೆಯದು ಕೀಎರರ್ ಎಸೆಯುತ್ತದೆ. ಆವರಣ ಅದಲುಬದಲಾದರೂ ಇದೇ ಗತಿ. ಆದ್ದರಿಂದ ಎರರ್ ಕಂಡ ಕೂಡಲೇ ಮೊದಲು ಆವರಣ ನೋಡಿ. ಸಿಎಸ್‌ವಿಯಿಂದ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯ ಫೈಲಿನಿಂದ) ಬಂದ '28' ಅಕ್ಷರಮಾಲೆ (ಸ್ಟ್ರಿಂಗ್), ಸಂಖ್ಯೆಯಲ್ಲ. 'ಇಂಟ್' ಮೂಲಕ ದಾಟಿಸಿದ ಮೇಲೆಯೇ ಹುಡುಕಿ. ಇಂಟ್‌ಗೆ '೨೮' ಕೊಟ್ಟರೂ ಅದು 28 ಎಂದೇ ಓದುತ್ತದೆ, ಕನ್ನಡ ಅಂಕಿಗಳಿಗೆ ಬೇರೆ ಪರಿವರ್ತನೆ ಬರೆಯಬೇಕಿಲ್ಲ.

ಬಿಜಾಪುರ ಏಕೆ ಬೇಕು? ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಳೆಯ ದಾಖಲೆಗಳಲ್ಲಿ ಬಿಜಾಪುರವೇ ಇರುತ್ತದೆ. ಒಂದೇ ಸಂಖ್ಯೆಗೆ ಎರಡು ಹೆಸರು ಕೊಟ್ಟರೆ ಮೊದಲು ಬರೆದದ್ದು ಮುಖ್ಯ ಹೆಸರು, ನಂತರದ್ದು ಅಡ್ಡಹೆಸರು. ಹಾಗಾಗಿ ಊರು['ಬಿಜಾಪುರ'] ಎಂದು ಹುಡುಕಿದರೂ ನೇಮ್ 'ವಿಜಯಪುರ' ಎನ್ನುತ್ತದೆ. ಸಾಲುಗಳನ್ನು ಹಿಂದುಮುಂದು ಮಾಡಿದರೆ ವರದಿಯಲ್ಲೆಲ್ಲ ಹಳೆಯ ಹೆಸರು ಬರುತ್ತದೆ, ಎರರ್ ಮಾತ್ರ ಬರುವುದಿಲ್ಲ. ಲೂಪ್ ಹಾಕಿದಾಗ ಅಡ್ಡಹೆಸರು ಕಾಣಿಸದು. ಅದೂ ಬೇಕಿದ್ದರೆ ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್ ಇರುವ 'ಮೆಂಬರ್ಸ್' ನಿಘಂಟು ನೋಡಿ. ಇಂಥ ಎನಮ್‌ಗೆ ಅಡ್ಡಹೆಸರನ್ನು ತಡೆಯುವ 'ಯುನೀಕ್' ಡೆಕೊರೇಟರ್ (ಕ್ಲಾಸಿನ ಮೇಲೆ ಹಾಕುವ ಗುರುತು) ಹಾಕಬೇಡಿ, ಕ್ಲಾಸ್ ಕಟ್ಟುವಾಗಲೇ ವ್ಯಾಲ್ಯೂಎರರ್ ಬರುತ್ತದೆ.

ಕನ್ನಡಕ್ಕೇ ಅಂಟಿದ ತೊಡಕು ಬಾಗಲಕೋಟೆಯಲ್ಲಿದೆ. ಅದರ 'ಕೋ'ದಲ್ಲಿರುವ ಓತ್ವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿರಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ, ಆದರೆ ಉದ್ದ ಹೇಳುವ 'ಲೆನ್' ಒಮ್ಮೆ 8, ಒಮ್ಮೆ 10 ಎನ್ನುತ್ತದೆ. ಕೋಡಿನಲ್ಲಿರುವ ಹೆಸರನ್ನು ಪೈಥಾನ್ ತಾನೇ ಒಂದು ರೂಪಕ್ಕೆ ತರುತ್ತದೆ, ಚೌಕ ಆವರಣದೊಳಗಿನ ಅಕ್ಷರಮಾಲೆಯನ್ನು ಮುಟ್ಟುವುದಿಲ್ಲ, ಅದಕ್ಕೇ ಕೀಎರರ್. ಆದ್ದರಿಂದ ಹುಡುಕುವ ಮುನ್ನ 'ಸ್ಟ್ರಿಪ್'ನಿಂದ ಅಂಚಿನ ಖಾಲಿ ಜಾಗ ತೆಗೆಯಿರಿ, 'ಯುನಿಕೋಡ್‌ಡೇಟಾ' ಮಾಡ್ಯೂಲಿನ 'ನಾರ್ಮಲೈಜ್'ಗೆ 'ಎನ್‌ಎಫ್‌ಸಿ' (ಬಿಡಿ ಸಂಕೇತಗಳನ್ನು ಒಂದಾಗಿಸುವ ರೂಪ) ಕೊಟ್ಟು ದಾಟಿಸಿ, ಆಮೇಲೆ ಮೆಂಬರ್ಸ್‌ನಲ್ಲಿ 'ಗೆಟ್' ಮಾಡಿ. ಸಿಗದಿದ್ದರೆ 'ನನ್' (ಏನೂ ಇಲ್ಲ ಎಂಬ ಗುರುತು) ಬರುತ್ತದೆ. ಆ ಸಾಲನ್ನು ಬೇರೆ ಫೈಲಿಗೆ ಬರೆದಿಡಿ, ಸುಮ್ಮನೆ ಬಿಟ್ಟು ಮುಂದೆ ಹೋಗಬೇಡಿ. ಹುಡುಕಿದ್ದು ಸಿಗದಾಗ ಎನಮ್ ಕರೆಯುವ 'ಮಿಸ್ಸಿಂಗ್' ಮೆಥಡ್ ಇಲ್ಲಿ ನೆರವಿಗೆ ಬಾರದು. ಅದು ದುಂಡು ಆವರಣದ ಹುಡುಕಾಟಕ್ಕೆ ಮಾತ್ರ.

ಇದೇ ಕೆಲಸಕ್ಕೆ ಜಾವಾ ಭಾಷೆಯ ಎನಮ್‌ನಲ್ಲಿ ಹೆಸರಿನಿಂದ ಹುಡುಕಲು 'ವ್ಯಾಲ್ಯೂಆಫ್' ಇದೆ, ಆದರೆ ಅಡ್ಡಹೆಸರಿಲ್ಲ. ಹಳೆಯ ಹೆಸರುಗಳನ್ನೂ ಸಂಖ್ಯೆಗಳನ್ನೂ ಸ್ಟ್ಯಾಟಿಕ್ ಬ್ಲಾಕಿನಲ್ಲಿ (ಕ್ಲಾಸ್ ಸಿದ್ಧವಾಗುವಾಗ ಒಮ್ಮೆ ನಡೆಯುವ ಭಾಗ) ಹ್ಯಾಶ್‌ಮ್ಯಾಪಿಗೆ (ಹುಡುಕುವ ಕೋಷ್ಟಕ) ತುಂಬಿ. ಸದಸ್ಯವನ್ನು ಕಟ್ಟುವ ಕನ್‌ಸ್ಟ್ರಕ್ಟರಿನಲ್ಲಿ ತುಂಬಹೊರಟರೆ ಕಂಪೈಲ್ ಆಗದು. ಡೇಟಾಬೇಸಿಗೆ 'ಆರ್ಡಿನಲ್' (ಪಟ್ಟಿಯಲ್ಲಿ ಸದಸ್ಯದ ಕ್ರಮಾಂಕ) ಬರೆಯಲೇಬೇಡಿ. ಬೆಳಗಾವಿ, ವಿಜಯಪುರಗಳ ನಡುವೆ ಚಿಕ್ಕೋಡಿಯನ್ನು (23) ಸೇರಿಸಿದ ದಿನ ವಿಜಯಪುರದ ಹಳೆಯ ದಾಖಲೆಗಳೆಲ್ಲ ಚಿಕ್ಕೋಡಿಯವಾಗುತ್ತವೆ.