ಸೀಸನ್‌ಗೆ ಮುಂಚೆ ತಂಡವನ್ನು ವಿದೇಶಕ್ಕೆ ಕರೆದೊಯ್ಯಬೇಕೇ? ಮೊದಲು ಈ ಲೆಕ್ಕ ಹಾಕಿ

ವಿದೇಶಿ ಕ್ಯಾಂಪಿನ ಮಾತು ಬಂದಾಗಲೆಲ್ಲ ಫುಟ್‌ಬಾಲ್ ಕ್ಲಬ್ಬಿನವರು ಮೊದಲು ತೋರಿಸುವುದು ರೆಸಾರ್ಟಿನ ಫೋಟೋ. ಫಿಟ್‌ನೆಸ್ ಕೋಚ್ ಆದ ನಾನು ಕೇಳುವುದು ಬೇರೆ: ಅಲ್ಲಿಗೆ ಹೋದರೆ ಆಟಗಾರರು ಎಷ್ಟು ಅಭ್ಯಾಸದ ಸೆಷನ್ ಪೂರ್ತಿ ಮುಗಿಸುತ್ತಾರೆ? ಮನೆಯಲ್ಲೇ ಇದ್ದರೆ ಎಷ್ಟು? ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು 2001ರಿಂದ ದಾಖಲಿಸುತ್ತ ಬಂದಿರುವ, ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಯೆಫಾದ ಅಧ್ಯಯನದಲ್ಲಿ, ಸೀಸನ್‌ಗೆ ಮುಂಚೆ ಹೆಚ್ಚು ಸೆಷನ್ ಮಾಡಿದ ತಂಡಗಳಿಗೆ ಆಮೇಲೆ ಗಾಯದ ಹೊರೆ, ಅಂದರೆ ಗಾಯದಿಂದ ಆಟಗಾರರು ಹೊರಗುಳಿದ ದಿನಗಳು, ಕಡಿಮೆ ಇತ್ತು. ಆದ್ದರಿಂದ ಊರು ಯಾವುದು ಅನ್ನುವುದಕ್ಕಿಂತ ಅಲ್ಲಿ ಎಷ್ಟು ಅಭ್ಯಾಸ ನಡೆಯುತ್ತದೆ ಅನ್ನುವುದೇ ನನಗೆ ದೊಡ್ಡದು.

ಕ್ಯಾಲೆಂಡರ್ ತೆಗೆದುಕೊಂಡು ಲೀಗಿನ ಮೊದಲ ಪಂದ್ಯದಿಂದ ಹಿಂದಕ್ಕೆ ಎಣಿಸಿ. ಐದಾರು ವಾರ ಸಿಕ್ಕರೆ ಪುಣ್ಯ. ಅದರಲ್ಲಿ ವಿಮಾನದ ದಿನಗಳನ್ನು ಹೊಡೆದುಹಾಕಿ. ಆಮೇಲೆ ಜೆಟ್ ಲ್ಯಾಗ್, ಅಂದರೆ ಬೇರೆ ಸಮಯದ ಊರಿಗೆ ಹಾರಿದಾಗ ದೇಹದ ಗಡಿಯಾರ ಹೊಂದದಿರುವುದು. ಒಂದು ಗಂಟೆ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು ಎಂಬುದು ಒರಟು ಲೆಕ್ಕ. ಪೂರ್ವಕ್ಕೆ ಹಾರಿದರೆ ಇನ್ನೂ ಕಷ್ಟ, ಏಕೆಂದರೆ ದೇಹದ ಗಡಿಯಾರ 24 ಗಂಟೆಗಿಂತ ತುಸು ಉದ್ದ. ದಿನ ಹಿಗ್ಗಿದರೆ ಅದು ಒಗ್ಗಿಕೊಳ್ಳುತ್ತದೆ, ಕುಗ್ಗಿದರೆ ಒದ್ದಾಡುತ್ತದೆ. ಎಂಟು ಗಂಟೆ ವ್ಯತ್ಯಾಸದ ಊರಲ್ಲಿ ಎರಡು ವಾರದ ಕ್ಯಾಂಪ್ ಅಂದುಕೊಳ್ಳಿ. ಹೋಗಿಬರಲು ಎರಡು ದಿನ, ಹಗುರ ಅಭ್ಯಾಸವಷ್ಟೇ ಸಾಧ್ಯವಾಗುವ ಮೂರು ನಾಲ್ಕು ದಿನ, ಎರಡು ಫ್ರೆಂಡ್ಲಿ (ಲೀಗಿಗೆ ಲೆಕ್ಕವಿಲ್ಲದ) ಪಂದ್ಯ, ಅವುಗಳ ಮರುದಿನದ ವಿಶ್ರಾಂತಿ. ಗಟ್ಟಿ ಅಭ್ಯಾಸಕ್ಕೆ ಉಳಿಯುವುದು ನಾಲ್ಕೈದು ದಿನ. ವಾಪಸು ಬಂದ ಮೇಲೆ ಹೊಂದಿಕೊಳ್ಳುವ ಕಷ್ಟ ಮತ್ತೆ ಇದ್ದೇ ಇದೆ. ಹತ್ತಿರದ ದೇಶವಾದರೆ ಅದೇ ಎರಡು ವಾರದಲ್ಲಿ ಎಂಟು ದಿನ ಸಿಗುತ್ತದೆ. ಲಿವರ್‌ಪೂಲ್ ತಂಡವನ್ನು ಆಗಿನ ಕೋಚ್ ಕ್ಲಾಪ್ 2018 ಮತ್ತು 2019ರಲ್ಲಿ ಫ್ರಾನ್ಸಿನ ಎವಿಯಾನ್‌ಗೆ, 2020ರಲ್ಲಿ ಆಸ್ಟ್ರಿಯಾದ ಸಾಲ್‌ಫೆಲ್ಡನ್‌ಗೆ ಕರೆದೊಯ್ದರು. ಇಂಗ್ಲೆಂಡಿನಿಂದ ಸಣ್ಣ ಹಾರಾಟ, ಒಂದೇ ಗಂಟೆಯ ವ್ಯತ್ಯಾಸ. ನನಗೆ ಇಷ್ಟವಾಗುವ ಆಯ್ಕೆ ಇಂಥದ್ದು.

ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬನ್ನೂ ನೋಡಿ. 2015ರ ಜುಲೈನಲ್ಲಿ ಕೋಚ್ ರನಿಯೇರಿ ತಂಡದ ಹೊಣೆ ಹೊತ್ತಾಗ ಆಟಗಾರರು ಆಸ್ಟ್ರಿಯಾದ ಕ್ಯಾಂಪಿನಲ್ಲಿದ್ದರು. ಆ ಸೀಸನ್ ಪ್ರೀಮಿಯರ್ ಲೀಗ್ ಗೆದ್ದರು. ಮುಂದಿನ ಬೇಸಿಗೆಯಲ್ಲಿ ಗ್ಲಾಸ್ಗೋ, ಲಾಸ್ ಏಂಜಲೀಸ್, ಸ್ಟಾಕ್‌ಹೋಮ್ ಸುತ್ತಿದರು. ಲೀಗಿನಲ್ಲಿ 12ನೇ ಸ್ಥಾನ. ಮಿಡ್‌ಫೀಲ್ಡರ್ ಕಾಂಟೆ ಚೆಲ್ಸಿಗೆ ಹೋಗಿದ್ದರು, ಜೊತೆಗೆ ಚಾಂಪಿಯನ್ಸ್ ಲೀಗಿನ ಭಾರವಿತ್ತು. ಪ್ರವಾಸವೊಂದನ್ನೇ ದೂರುವುದು ನ್ಯಾಯವಲ್ಲ. ಆದರೆ ಒಂದೂರಲ್ಲಿ ಬೀಡುಬಿಡುವುದೂ ಊರೂರು ತಿರುಗುವುದೂ ಒಂದೇ ಅಲ್ಲ. ಟೂರನ್ನು ಕ್ಯಾಂಪ್ ಎಂದು ಕರೆಯಲು ಬಿಡಬೇಡಿ.

ಮನೆಯಲ್ಲಿ ಸಿಗದ ಯಾವುದು ಅಲ್ಲಿ ಸಿಗುತ್ತದೆ ಎಂದು ಬರೆದಿಡಿ. ತಂಪು ಹವೆಯೇ? ಒಪ್ಪುತ್ತೇನೆ, ಸುಡುಬಿಸಿಲಿನಲ್ಲಿ ಮಾಡಲಾಗದಷ್ಟು ಓಟ ಅಲ್ಲಿ ಮಾಡಿಸಬಹುದು. ಮೊದಲ ಪಂದ್ಯಗಳೇ ಸೆಕೆಯಲ್ಲಿದ್ದರೆ ಮಾತ್ರ ಬಿಸಿಯೂರಿಗೆ ಹೋಗಿ. ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಒಗ್ಗಿದ್ದು ಕೆಲವೇ ವಾರಗಳಲ್ಲಿ ಕರಗುತ್ತದೆ. ಬೆಟ್ಟದೂರಿನಲ್ಲಿ ಹತ್ತು ದಿನ ಇದ್ದರೆ ರಕ್ತ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿ. ಅದಕ್ಕೆ ಸುಮಾರು 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಾಲ್ಕು ವಾರ ಬೇಕು. ಸಾಲ್‌ಫೆಲ್ಡನ್ ಇರುವುದೇ ಸುಮಾರು 750 ಮೀಟರಿನಲ್ಲಿ. ನಿಮ್ಮ ಮಟ್ಟದ ಎದುರಾಳಿ ಸಿಗುತ್ತಾರೆಯೇ ಎಂಬುದು ಒಳ್ಳೆಯ ಕಾರಣ. ಹೊಸ ಕೋಚ್, ಅರ್ಧ ಹೊಸ ತಂಡ ಅನ್ನುವುದು ಅದಕ್ಕಿಂತ ಒಳ್ಳೆಯ ಕಾರಣ. ಕೋಣೆ ಹಂಚುವಾಗ ಹೊಸ ಡಿಫೆಂಡರನ್ನು ಅವನ ಪಕ್ಕದಲ್ಲೇ ಆಡುವವನ ಜೊತೆ ಹಾಕಿ. ಮೈದಾನದಲ್ಲಿ ಕೂಗಿ ಹೇಳಬೇಕಾದದ್ದು ರಾತ್ರಿ ಮಾತಿನಲ್ಲೇ ಅರ್ಧ ಮುಗಿದಿರುತ್ತದೆ.

ಇನ್ನು ಪಿಚ್. ಫೋಟೋ ನೋಡಿ ಒಪ್ಪಬೇಡಿ, ಯಾರನ್ನಾದರೂ ಮುಂಚಿತವಾಗಿ ಕಳಿಸಿ. ನಾನು ಸ್ಟಡ್ ಬೂಟು ಹಾಕಿಕೊಂಡು ಒಂದು ಮೂಲೆಯಿಂದ ಎದುರು ಮೂಲೆಗೆ ನಡೆಯುತ್ತೇನೆ, ಹತ್ತು ಹೆಜ್ಜೆಗೊಮ್ಮೆ ಹಿಮ್ಮಡಿ ಊರಿ ಜೋರಾಗಿ ತಿರುಗುತ್ತೇನೆ. ಹುಲ್ಲು ಚಾಪೆಯಂತೆ ಎದ್ದು ಬಂದರೆ ಬೇರು ಹಿಡಿದಿಲ್ಲ ಎಂದರ್ಥ. ಅಂಥ ಪಿಚ್‌ನಲ್ಲಿ ಮೊಣಕಾಲು ಉಳಿಯುವುದಿಲ್ಲ. ಕಾಲು ಊರಿದರೂ ಸ್ಟಡ್ ಇಳಿಯದಿದ್ದರೆ ನೆಲ ಕಲ್ಲಾಗಿದೆ, ಮೀನಖಂಡದ ನೋವು ಗ್ಯಾರಂಟಿ. ಗೋಲಿನ ಮುಂದೆ ಮಂಡಿಯೂರಿ ಕೈಯಲ್ಲೇ ಮುಟ್ಟಿ ನೋಡಿ, ಹೆಚ್ಚು ಸವೆಯುವುದು ಅಲ್ಲೇ. ಆ ವಾರ ಬೇರೆ ತಂಡಕ್ಕೂ ಅದೇ ಮೈದಾನ ಕೊಟ್ಟಿದ್ದಾರೆಯೇ ಎಂದು ಕೇಳಿ. ಅತಿ ಶ್ರೀಮಂತ ಕ್ಲಬ್‌ಗಳೂ ಇಲ್ಲಿ ಸಿಕ್ಕಿಬಿದ್ದಿವೆ: 2016ರ ಜುಲೈನಲ್ಲಿ ಬೀಜಿಂಗ್‌ನಲ್ಲಿ ನಡೆಯಬೇಕಿದ್ದ ಮ್ಯಾಂಚೆಸ್ಟರ್ ಡರ್ಬಿ (ಸಿಟಿ–ಯುನೈಟೆಡ್ ಪಂದ್ಯ) ಮಳೆಯಿಂದ ಕೆಟ್ಟ ಪಿಚ್‌ನಿಂದಾಗಿ ರದ್ದಾಯಿತು, 2023ರಲ್ಲಿ ಬ್ಯಾಂಕಾಕ್‌ನ ಟಾಟನ್‌ಹ್ಯಾಮ್–ಲೆಸ್ಟರ್ ಪಂದ್ಯ ನೀರು ನಿಂತು ರದ್ದಾಯಿತು. ಅದೇ ವರ್ಷ ಚೆಲ್ಸಿಯ ಎನ್‌ಕುಂಕು ಶಿಕಾಗೋದಲ್ಲಿ ಫ್ರೆಂಡ್ಲಿ ಆಡುತ್ತ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹೊರಗುಳಿದರು.

ಹೊಟ್ಟೆಯ ವಿಷಯದಲ್ಲೂ ಎಚ್ಚರ. 2023ರ ಜುಲೈನಲ್ಲಿ ಬಾರ್ಸಿಲೋನಾದ ಬಹಳಷ್ಟು ಆಟಗಾರರು ಒಟ್ಟಿಗೆ ವಾಂತಿಭೇದಿಗೆ ಬಿದ್ದು ಯುವೆಂಟಸ್ ಜೊತೆಗಿನ ಪಂದ್ಯವನ್ನೇ ಬಿಟ್ಟರು. ಅಡುಗೆಯವರನ್ನು ಜೊತೆಗೆ ಕರೆದೊಯ್ಯಿರಿ.

ವಿದೇಶದಲ್ಲಿ ಫ್ರೆಂಡ್ಲಿ ಆಡಲು ಫುಟ್‌ಬಾಲ್ ಸಂಸ್ಥೆಗಳ ಅನುಮತಿ ಬೇಕು, ಅದನ್ನು ಮೊದಲೇ ಲಿಖಿತವಾಗಿ ಪಡೆಯಿರಿ. 2022ರ ಆಗಸ್ಟ್‌ನಲ್ಲಿ ಫೀಫಾ ಭಾರತದ ಸಂಸ್ಥೆಯನ್ನು ಅಮಾನತು ಮಾಡಿದಾಗ ಕೇರಳ ಬ್ಲಾಸ್ಟರ್ಸ್ ಯುಎಇಯಲ್ಲಿ ಆಡಬೇಕಿದ್ದ ಪಂದ್ಯಗಳು ಕೈತಪ್ಪಿದವು. ಪಂದ್ಯ ತಪ್ಪಿದ ದಿನಕ್ಕೆ ತಂಡದೊಳಗೇ ಆಡುವ ಪಂದ್ಯದ ಯೋಜನೆ ಸಿದ್ಧವಿರಲಿ.

ಅಲ್ಲಿಗೆ ಹೋದ ಮೇಲೆ ದೊಡ್ಡ ಅಪಾಯ ಹುರುಪಿನದು. ಮೈದಾನ ಚೆಂದ, ಹವೆ ತಂಪು, ಬೇರೆ ಕೆಲಸವಿಲ್ಲ. ಕೋಚ್‌ಗೆ ದಿನಕ್ಕೆ ಎರಡು ಸೆಷನ್ ಮಾಡಿಸುವ ಆಸೆ ಹುಟ್ಟುತ್ತದೆ. ಪ್ರತಿ ಸೆಷನ್ ಮುಗಿದು ಅರ್ಧ ಗಂಟೆಯ ಮೇಲೆ ಪ್ರತಿಯೊಬ್ಬನನ್ನೂ ಒಬ್ಬೊಬ್ಬನಾಗಿ ಕೇಳಿ: ಎಷ್ಟು ಕಷ್ಟವಾಯಿತು, ಹತ್ತರಲ್ಲಿ ಎಷ್ಟು? ಅದನ್ನು ನಿಮಿಷಗಳಿಂದ ಗುಣಿಸಿ. 90 ನಿಮಿಷದ ಸೆಷನ್‌ಗೆ 7 ಅಂದರೆ 630. ವಾರದ ಮೊತ್ತ ಮನೆಯಲ್ಲಿನ ಹಿಂದಿನ ವಾರಕ್ಕಿಂತ ಒಮ್ಮೆಲೇ ಜಿಗಿದಿದ್ದರೆ ಮರುದಿನದ ಬೆಳಗಿನ ಸೆಷನ್ ಬಿಡಿ. ನಿದ್ದೆ, ಮೈಕೈ ನೋವು, ದಣಿವು, ಮನಸ್ಸು ಹೇಗಿದೆ ಎಂದು ಬೆಳಗಿನ ತಿಂಡಿಗೆ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ; ತಿಂಡಿಯ ಮೇಜಿನಲ್ಲಿ ಕೇಳಿದರೆ ಪಕ್ಕದವನೆದುರು ಎಲ್ಲರೂ ಚೆನ್ನಾಗಿದ್ದೇನೆ ಅನ್ನುತ್ತಾರೆ.

ಪ್ರಾಯೋಜಕರ ಕಾರ್ಯಕ್ರಮ ಬೇಡ ಅನ್ನಲಾಗದು, ಹಣ ಅಲ್ಲಿಂದಲೇ ಬರುವುದು. ಎಲ್ಲವನ್ನೂ ಒಂದೇ ವಿಶ್ರಾಂತಿ ದಿನದ ಮಧ್ಯಾಹ್ನಕ್ಕೆ ಸೇರಿಸಿ, ಒಪ್ಪಂದದಲ್ಲೇ ಬರೆಸಿ.

ಲೀಗ್ ಶುರುವಾಗುವ ಹತ್ತು ದಿನ ಮೊದಲಾದರೂ ಮನೆ ಸೇರಿರಿ. ಮನೆಯ ಸೆಷನ್‌ಗಳ ಪಟ್ಟಿ, ವಿದೇಶದ ಸೆಷನ್‌ಗಳ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸಂಖ್ಯೆ ಸಮವಾಗಿದ್ದರೆ, ಹೊಸ ಕೋಚ್ ಬಂದಿಲ್ಲದಿದ್ದರೆ, ನಾನು ಮನೆಯಲ್ಲೇ ಉಳಿಯಿರಿ ಅನ್ನುತ್ತೇನೆ. ಉಳಿದ ಹಣದಲ್ಲಿ ಎರಡು ಒಳ್ಳೆಯ ತಂಡಗಳನ್ನು ನಿಮ್ಮ ಮೈದಾನಕ್ಕೇ ಕರೆಸಿ ಆಡಿ.