ಎಲೆ ಅಲ್ಲಾಡದ ಗಾಳಿಯನ್ನೂ ಅಳೆಯಬಹುದು

ಚಳಿಗಾಲದ ಬೆಳಗ್ಗೆ ಮಂಡ್ಯ ಕಡೆ ಆಲೆಮನೆ ಹೊಗೆ ನೆಟ್ಟಗೆ ಮೇಲೇರುವುದು ಕಡಿಮೆ. ಕಬ್ಬಿನ ಗದ್ದೆಗಳ ಮೇಲೆ ಹಾಸಿಕೊಂಡು ಮೆಲ್ಲಗೆ ಒಂದು ಕಡೆಗೆ ಸರಿಯುತ್ತದೆ. ನೆಲಕ್ಕೆ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಎರಡೂ ಬೆರೆಯುವುದಿಲ್ಲ. ‘ಗಾಳಿನೇ ಇಲ್ಲ’ ಅಂದುಕೊಂಡು ಆಗ ಔಷಧಿ ಹೊಡೆದರೆ ಸಣ್ಣ ಹನಿಗಳು ಹೊಗೆಯ ಹಾಗೇ ಪಕ್ಕದವರ ಗದ್ದೆಗೆ ಹೋಗುತ್ತವೆ.

ಬಟ್ಟಲು ತಿರುಗುವ ಮಾಮೂಲಿ ಗಾಳಿಮಾಪಕ ಇಲ್ಲಿ ಪ್ರಯೋಜನವಿಲ್ಲ. ಸೆಕೆಂಡಿಗೆ ಅರ್ಧ ಮೀಟರ್ ಗಾಳಿಯಾದರೂ ಇಲ್ಲದಿದ್ದರೆ ಅಂಥವುಗಳಲ್ಲಿ ಹಲವು ಕದಲುವುದೇ ಇಲ್ಲ. ತಿರುಗುವ ಭಾಗವೇ ಇಲ್ಲದ ದಾರಿ ಹಿಡಿಯೋಣ: ಒಂದು ವಸ್ತುವನ್ನು ಬಿಸಿ ಮಾಡಿ, ಗಾಳಿ ಅದನ್ನು ಎಷ್ಟು ತಣಿಸುತ್ತದೆ ನೋಡುವುದು. ಹೀಗೆ ಹೋಗುವ ಶಾಖ ಹೆಚ್ಚುಕಡಿಮೆ ವೇಗದ ವರ್ಗಮೂಲದಂತೆ ಏರುತ್ತದೆ ಎಂದು ಕಿಂಗ್ ಎಂಬ ವಿಜ್ಞಾನಿ 1914ರಲ್ಲೇ ತೋರಿಸಿದ್ದರು. ಅಂದರೆ ಗಾಳಿ ನಿಧಾನವಾಗಿದ್ದಾಗಲೇ ಬದಲಾವಣೆ ಜಾಸ್ತಿ ಕಾಣುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

ಆರ್ಡುಯಿನೊ ಉನೊ ಬೋರ್ಡ್ (ಪ್ರೋಗ್ರಾಂ ಹಾಕಿ ಸೆನ್ಸರ್ ಓದಿಸಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಒಂದು, 10 ಕಿಲೋ ಓಮ್‌ನ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಷ್ಟೂ ರೋಧ ಕಡಿಮೆಯಾಗುವ ಬಿಡಿಭಾಗ) ಎರಡು, 150 ಓಮ್‌ನ ಕಾಲು ವಾಟ್ ರೆಸಿಸ್ಟರ್ ಎರಡು, 10 ಕಿಲೋ ಓಮ್‌ನವು ಎರಡು ತನ್ನಿ. ಪ್ರತಿ ಥರ್ಮಿಸ್ಟರನ್ನೂ ಒಂದು 150 ಓಮ್ ರೆಸಿಸ್ಟರ್‌ಗೆ ಅರಾಲ್ಡೈಟ್ ಹಾಕಿ ಅಂಟಿಸಿ. ಒಂದು ಜೋಡಿಯ 150 ಓಮ್ ರೆಸಿಸ್ಟರ್‌ಗೆ ಮಾತ್ರ 5 ವೋಲ್ಟ್ ಕೊಡಿ. 33 ಮಿಲಿಆಂಪ್ ಹರಿದು, ಸುಮಾರು 0.17 ವಾಟ್ ಶಾಖ ಬರುತ್ತದೆ. ಈ ಕರೆಂಟನ್ನು ಬೋರ್ಡಿನ 5 ವೋಲ್ಟ್ ಲೈನಿನಿಂದ ತೆಗೆಯಿರಿ, ಡಿಜಿಟಲ್ ಪಿನ್ನಿನಿಂದ ಬೇಡ.

ಎರಡನೇ ಜೋಡಿಯ ರೆಸಿಸ್ಟರ್‌ಗೆ ಕರೆಂಟ್ ಕೊಡಬೇಡಿ. ಮತ್ತೆ ಯಾಕೆ ಅದು? ಬಯಲಿನಲ್ಲಿ ಬಿಸಿಲು, ಮೋಡ, ಇಬ್ಬನಿ ಎಲ್ಲವೂ ಉಷ್ಣತೆ ಬದಲಿಸುತ್ತವೆ. ಒಂದೇ ಆಕಾರದ ಎರಡರ ನಡುವಿನ ವ್ಯತ್ಯಾಸ ನೋಡಿದರೆ ಆ ಗಲಾಟೆಯಲ್ಲಿ ಬಹುಪಾಲು ಕಳೆದುಹೋಗುತ್ತದೆ. ಈ ತಣ್ಣನೆ ಜೊತೆಗಾರನಿಲ್ಲದ ಉಪಕರಣ ಮನೆಯೊಳಗೆ ಮಾತ್ರ ಸರಿ. ಎರಡನ್ನೂ ಅಕ್ಕಪಕ್ಕ, ಐದಾರು ಸೆಂ.ಮೀ. ದೂರದಲ್ಲಿಡಿ. ತಣ್ಣನೆಯದು ಮೇಲಿದ್ದರೆ ಕೆಳಗಿನ ಬಿಸಿ ಅದಕ್ಕೇ ತಾಗುತ್ತದೆ.

ಪ್ರತಿ ಥರ್ಮಿಸ್ಟರ್ ಜೊತೆ 10 ಕಿಲೋ ಓಮ್ ರೆಸಿಸ್ಟರನ್ನು ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಸಾಲಾಗಿ ಸೇರಿಸಿ, ಎರಡೂ ಕೂಡುವ ನಡುವಿನ ತಂತಿಯನ್ನು ಅನಲಾಗ್ ಪಿನ್ನಿಗೆ ಕೊಡಿ. 25 ಡಿಗ್ರಿ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಉನೊ ಓದುವ ಸಂಖ್ಯೆ ಸುಮಾರು 11ರಷ್ಟು ಬದಲಾಗುತ್ತದೆ. ಬಿಸಿಯಾದ ಕಡೆ ಇನ್ನೂ ಕಡಿಮೆ. ಅದಕ್ಕೇ ನೂರಾರು ಸಲ ಓದಿ ಸರಾಸರಿ ತೆಗೆಯಿರಿ.

ಕಷ್ಟದ ಕೆಲಸ ಅಳತೆ ಹೊಂದಿಸುವುದು. ಫ್ಯಾನ್ ಮುಂದೆ ಹಿಡಿದರೆ ಸಾಲದು, ಅದರ ಗಾಳಿ ಜೋರು, ಸುರುಳಿ ಬೇರೆ. ಬದಲಿಗೆ ನಿಂತ ಗಾಳಿಯಲ್ಲಿ ಸೆನ್ಸರನ್ನೇ ಓಡಿಸಿ. ಕಿಟಕಿ ಮುಚ್ಚಿದ ದೊಡ್ಡ ಕೋಣೆಯಲ್ಲಿ ತಿರುಗುವ ಸ್ಟೂಲಿಗೆ ತೆಳು ಬಿದಿರಿನ ಕಡ್ಡಿ ಕಟ್ಟಿ, ನಡುವಿನಿಂದ ಒಂದು ಮೀಟರ್ ದೂರದಲ್ಲಿ ಸೆನ್ಸರ್ ಇಡಿ. ತಂತಿ ಸುತ್ತಿಕೊಳ್ಳದಂತೆ ಬೋರ್ಡ್, ಪವರ್ ಬ್ಯಾಂಕ್ ಸ್ಟೂಲಿನ ಮೇಲೇ ಇರಲಿ. ಕಡಿಮೆ ಕರೆಂಟ್ ಎಳೆದರೆ ಕೆಲವು ಪವರ್ ಬ್ಯಾಂಕ್ ತಾನಾಗೇ ಆಫ್ ಆಗುತ್ತವೆ, ಮೊದಲೇ ನೋಡಿಕೊಳ್ಳಿ. ಗಡಿಯಾರ ನೋಡುತ್ತಾ ನಿಮಿಷಕ್ಕೆ ಒಂದು ಸುತ್ತು ಹಾಕಿದರೆ ಸೆಕೆಂಡಿಗೆ ಸುಮಾರು 10 ಸೆಂ.ಮೀ., ಅರ್ಧ ನಿಮಿಷಕ್ಕೊಂದಾದರೆ 21, ಕಾಲು ನಿಮಿಷಕ್ಕೊಂದಾದರೆ 42. ರೆಸಿಸ್ಟರ್ ತಣಿಯಲು ಹೊತ್ತು ಹಿಡಿಯುತ್ತದೆ, ಅಂಕಿ ನಿಲ್ಲುವವರೆಗೆ ಕಾಯಿರಿ. ಹಾಗಂತ ತಿರುಗಿಸುತ್ತಲೇ ಇದ್ದರೆ ಕೋಣೆಯ ಗಾಳಿಯೂ ಜೊತೆಗೆ ಸುತ್ತತೊಡಗುತ್ತದೆ. ಪ್ರತಿ ವೇಗದ ನಂತರ ಸ್ವಲ್ಪ ಬಿಡುವು ಕೊಡಿ. ಸೊನ್ನೆಯ ಅಳತೆಯನ್ನು ದೊಡ್ಡ ರಟ್ಟಿನ ಪೆಟ್ಟಿಗೆ ಮುಚ್ಚಿ ತೆಗೆದುಕೊಂಡು, ಎಲ್ಲವನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿ.

ಗದ್ದೆಯಲ್ಲಿ ನೆಡುವಾಗ ಮೇಲೊಂದು, ಕೆಳಗೊಂದು ತಟ್ಟೆ ಕೊಟ್ಟು ನಾಲ್ಕೂ ಕಡೆ ತೆರೆದಿಡಿ. ಮೇಲಿನ ತಟ್ಟೆ ಬಿಸಿಲನ್ನೂ ಇಬ್ಬನಿಯನ್ನೂ ತಡೆಯುತ್ತದೆ. ಒದ್ದೆಯಾದ ರೆಸಿಸ್ಟರ್ ಜಾಸ್ತಿ ತಣಿದು, ಇಲ್ಲದ ಗಾಳಿ ತೋರಿಸುತ್ತದೆ. ದಿಕ್ಕು ಬೇಕಿದ್ದರೆ ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿಟ್ಟರೆ ಸಾಕು. ಬಿಸಿ ರೆಸಿಸ್ಟರ್ ತಾನೇ ಮೇಲ್ಮುಖವಾಗಿ ಸಣ್ಣ ಗಾಳಿ ಎಬ್ಬಿಸುವುದರಿಂದ ಸೆಕೆಂಡಿಗೆ 10 ಸೆಂ.ಮೀ.ಗಿಂತ ಕಡಿಮೆ ವೇಗದ ಅಂಕಿ ನಂಬಬೇಡಿ. ಅದನ್ನು ‘10ಕ್ಕಿಂತ ಕಡಿಮೆ’ ಅಂತಷ್ಟೇ ಬರೆದಿಡಿ.