ಪಿಕಪ್‌ಗೆ ಸೂಪರ್‌ಚಾರ್ಜರ್: ಕಿಟ್ ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಅಮೆರಿಕದಲ್ಲಿ ಪಿಕಪ್ ಮನೆಮನೆಯ ಗಾಡಿ. ಟೆಕ್ಸಸ್ ಕಡೆ ನೆಲೆಸಿದ ನಮ್ಮವರಲ್ಲೂ ಫೋರ್ಡ್ ಎಫ್-150 ಇಟ್ಟುಕೊಂಡವರಿದ್ದಾರೆ. ಅದರ 5.0 ಲೀಟರ್ ವಿ8 ಎಂಜಿನ್ ಬಗ್ಗೆ ಅವರಿಗೆ ಪ್ರೀತಿ ಜಾಸ್ತಿ. 'ಕೊಯೋಟಿ' ಎಂದು ಹೆಸರಾದ ಈ ಎಂಜಿನ್ 2011ರ ಮಾಡೆಲ್‌ನಿಂದ ಎಫ್-150ರಲ್ಲಿ ಬರುತ್ತಿದೆ. ಟರ್ಬೊ ಇಲ್ಲ, ಸದ್ದು ಚೆನ್ನಾಗಿದೆ, 2018ರ ಮಾಡೆಲ್‌ನಲ್ಲಿ 395 ಎಚ್‌ಪಿ ಕೊಡುತ್ತದೆ. ಅದಕ್ಕೆ ಹೊರಗಿನಿಂದ ತಂದ ಸೂಪರ್‌ಚಾರ್ಜರ್ ಕಿಟ್ ಹಾಕಿದರೆ 650 ಎಚ್‌ಪಿ ಮುಟ್ಟಬಹುದು. ರೌಶ್ ಕಂಪನಿ 2018ರಿಂದ 2020ರ ಗಾಡಿಗಳಿಗೆ ಮಾರಿದ ಕಿಟ್‌ನ ಲೆಕ್ಕ ಅದೇ. 2021ರ ನಂತರದ ಗಾಡಿಗೆ ಫೋರ್ಡ್ ಪರ್ಫಾರ್ಮೆನ್ಸ್ ವಿಭಾಗವೇ ವಿಪಲ್ ಕಂಪನಿಯ ಜೊತೆ ಸೇರಿ 700 ಎಚ್‌ಪಿ ಕಿಟ್ ತಂದಿತು. ಇಂಥ ಕಿಟ್‌ಗಳಿಗೆ ಸಾವಿರಾರು ಡಾಲರ್ ಬೇಕು. ಹಾಗಾಗಿ ದುಡ್ಡು ಕೊಡುವ ಮುನ್ನ ಕೆಲಸ ಏನೆಂದು ಪೂರ್ತಿ ತಿಳಿದಿರಬೇಕು.

ಸೂಪರ್‌ಚಾರ್ಜರ್ ಅಂದರೆ ಗಾಳಿ ತಳ್ಳುವ ಪಂಪು. ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟ್ ಮೂಲಕ ತಿರುಗುತ್ತದೆ. ಮಾಮೂಲಿ ಎಂಜಿನ್‌ಗೆ ಸಿಗುವುದು ವಾತಾವರಣದ ಒತ್ತಡದಷ್ಟು ಗಾಳಿ ಮಾತ್ರ, ಸಮುದ್ರಮಟ್ಟದಲ್ಲಿ ಅದು 14.7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ). ಅದರ ಮೇಲೆ ಇನ್ನು 8-10 ಪಿಎಸ್‌ಐ ತುಂಬಿದರೆ ಸಿಲಿಂಡರಿನಲ್ಲಿ ಗಾಳಿ ಹೆಚ್ಚು, ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚು, ಶಕ್ತಿಯೂ ಹೆಚ್ಚು. ಗಾಳಿ ತುಂಬುವುದು ಇದರಲ್ಲಿ ಸುಲಭದ ಭಾಗ. ಆ ಗಾಳಿಯನ್ನು ತಣ್ಣಗಿಡಬೇಕು, ಸರಿಯಾದ ಪೆಟ್ರೋಲ್ ಒದಗಿಸಬೇಕು, ಸರಿಯಾದ ಗಳಿಗೆಯಲ್ಲಿ ಕಿಡಿ ಹೊತ್ತಿಸಬೇಕು. ಎಂಜಿನ್ ಉಳಿಯುವುದು ಇವುಗಳಿಂದಲೇ. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಇಲ್ಲಿನ ಬೊಲೆರೊ ಪಿಕಪ್, ಹೈಲಕ್ಸ್, ವಿ-ಕ್ರಾಸ್ ಸಾಮಾನ್ಯವಾಗಿ ಟರ್ಬೊ ಇರುವ ಡೀಸೆಲ್ ಗಾಡಿಗಳು. ಅವಕ್ಕೆ ಈ ಕಿಟ್ ಕೂರುವುದಿಲ್ಲ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಾಯಿಸುವ ಹಾಗಿಲ್ಲ. ಹಾಗಾಗಿ ಮುಂದಿನದೆಲ್ಲ ಅಮೆರಿಕದ ಪೆಟ್ರೋಲ್ ಪಿಕಪ್‌ಗಳ ಮಾತು.

ಮೊದಲು ಎಂಜಿನ್ ಆರೋಗ್ಯ ನೋಡಿ

ಆಯಿಲ್ ಸುಡುವ, ಮಿಸ್‌ಫೈರ್ ಆಗುವ, ಚೆಕ್ ಎಂಜಿನ್ ದೀಪ ಉರಿಯುವ ಗಾಡಿಗೆ ಸೂಪರ್‌ಚಾರ್ಜರ್ ಹಾಕಬಾರದು. ಎಂಟೂ ಸಿಲಿಂಡರಿನ ಕಂಪ್ರೆಷನ್ ಟೆಸ್ಟ್ (ಒಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಒಂದೆರಡು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಮೊದಲು ರಿಪೇರಿ, ಆಮೇಲೆ ಕಿಟ್. ಗೇರ್‌ಬಾಕ್ಸ್ ಎಣ್ಣೆ, ಬ್ರೇಕ್, ಟೈರ್ ಕೂಡ ನೋಡಿಸಿ. ಎರಡು ಟನ್‌ಗೂ ಹೆಚ್ಚು ತೂಕದ ಗಾಡಿ ಮೊದಲಿಗಿಂತ ಎಷ್ಟೋ ಬೇಗ ವೇಗ ಹಿಡಿಯುತ್ತದೆ. ಅದನ್ನು ನಿಲ್ಲಿಸುವುದು ಅದೇ ಹಳೇ ಬ್ರೇಕು, ಅಲ್ವಾ?

ಯಾವ ಬಗೆಯದು ಬೇಕು?

ಮಾರುಕಟ್ಟೆಯಲ್ಲಿ ಮೂರು ಬಗೆಗಳಿವೆ. ಮೊದಲನೆಯದು ರೂಟ್ಸ್. 1860ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು ಪೇಟೆಂಟ್ ಪಡೆದ ಗಾಳಿಯಂತ್ರದ ವಂಶ ಇದು. ಇದರ ಸುಧಾರಿತ ರೂಪ ಈಟನ್ ಕಂಪನಿಯ ಟಿವಿಎಸ್. ರೌಶ್, ಮ್ಯಾಗ್ನುಸನ್ ಕಿಟ್‌ಗಳಲ್ಲಿ ಇರುವುದು ಅದೇ. ಎರಡನೆಯದು ಟ್ವಿನ್ ಸ್ಕ್ರೂ. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿರುವ ವಿಪಲ್ ಇದಕ್ಕೆ ಹೆಸರುವಾಸಿ. ಇವೆರಡೂ ಎಂಜಿನ್ ತಲೆಯ ಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಜಾಗದಲ್ಲಿ ಕೂರುತ್ತವೆ. ಆಕ್ಸಿಲರೇಟರ್ ಒತ್ತಿದ ತಕ್ಷಣ, ಕಡಿಮೆ ಆರ್‌ಪಿಎಮ್‌ನಲ್ಲೇ ಬಲ ಕೊಡುತ್ತವೆ.

ಮೂರನೆಯದು ಸೆಂಟ್ರಿಫ್ಯೂಗಲ್. ಪ್ರೊಚಾರ್ಜರ್, ವೋರ್ಟೆಕ್ ಕಂಪನಿಗಳದ್ದು ಈ ಬಗೆ. ನೋಡಲು ಟರ್ಬೊ ತರಹ, ಎಂಜಿನ್ ಮುಂಭಾಗದಲ್ಲಿ ಬ್ರಾಕೆಟ್ ಮೇಲೆ ಕೂರುತ್ತದೆ. ಆರ್‌ಪಿಎಮ್ ಏರಿದಂತೆ ಒತ್ತಡವೂ ಏರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚುವ ಗೋಜಿಲ್ಲ, ಕೆಲಸ ಕೊಂಚ ಹಗುರ. ಆದರೆ ಪಿಕಪ್‌ನಲ್ಲಿ ಟ್ರೇಲರ್ ಎಳೆಯುವವರಿಗೆ ಬಲ ಬೇಕಾಗುವುದು ಎರಡು-ಮೂರು ಸಾವಿರ ಆರ್‌ಪಿಎಮ್‌ನಲ್ಲಿ. ಅವರಿಗೆ ನಾನು ಮೊದಲೆರಡರಲ್ಲೇ ಒಂದನ್ನು ಆರಿಸಿ ಅನ್ನುತ್ತೇನೆ. ಕೊಳ್ಳುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿ: ಕಿಟ್ ಹಾಕಿದ ಮೇಲೆ ಎಷ್ಟು ತೂಕ ಎಳೆಯಬಹುದು ಅಂತ ತಯಾರಕರು ಬರೆದು ಕೊಡುತ್ತಾರಾ? ಕೊಡದಿದ್ದರೆ ಆ ಗಾಡಿಯನ್ನು ಎಳೆಯುವ ಕೆಲಸಕ್ಕೆ ನಂಬಬೇಡಿ.

ಕಿಟ್ ಪೂರ್ತಿ ಇರಲಿ

ದುಡ್ಡು ಉಳಿಸಲು ಬರೀ ಸೂಪರ್‌ಚಾರ್ಜರ್ ತಂದು, ಉಳಿದದ್ದನ್ನು ಅಲ್ಲಿಷ್ಟು ಇಲ್ಲಿಷ್ಟು ಜೋಡಿಸುವವರಿದ್ದಾರೆ. ಎಂಜಿನ್ ಹಾಳಾಗುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಪೆಟ್ಟಿಗೆಯಲ್ಲಿ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರಲೇಬೇಕು. ಯಾಕೆ ಅಂತ ಲೆಕ್ಕ ನೋಡಿ. 25 ಡಿಗ್ರಿಯ ಗಾಳಿಯನ್ನು 10 ಪಿಎಸ್‌ಐಗೆ ಒತ್ತಿದರೆ ಅದು ಸುಮಾರು 90 ಡಿಗ್ರಿಗೆ ಬಿಸಿಯಾಗುತ್ತದೆ. ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಕಿಡಿ ಹೊತ್ತಿಕೊಂಡ ಮೇಲೆ ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಪಿಸ್ಟನ್ನಿನ ಅಂಚು ಒಡೆಯುವುದು, ರಿಂಗ್ ಮುರಿಯುವುದು ಇದರಿಂದ. ಇಂಟರ್‌ಕೂಲರ್‌ಗೆ ಬೇಕಾದ ಪ್ರತ್ಯೇಕ ಕೂಲೆಂಟ್ ಪಂಪು, ಟ್ಯಾಂಕ್, ಗ್ರಿಲ್ ಹಿಂದೆ ಕೂರುವ ಚಿಕ್ಕ ರೇಡಿಯೇಟರ್ ಎಲ್ಲವೂ ಕಿಟ್‌ನಲ್ಲಿರಲಿ.

ಜೊತೆಗೆ ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಬೇಕಾದಲ್ಲಿ ಫ್ಯೂಯೆಲ್ ಪಂಪಿಗೆ ಹೆಚ್ಚಿನ ಬಲ ಕೊಡುವ ಸಾಧನ, ಬೆಲ್ಟ್, ಪುಲ್ಲಿ, ಗ್ಯಾಸ್ಕೆಟ್, ಕೊನೆಗೆ ಗಾಡಿಯ ಕಂಪ್ಯೂಟರಿಗೆ ಹಾಕುವ ಟ್ಯೂನ್, ಅಂದರೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ಹೇಳುವ ಸಾಫ್ಟ್‌ವೇರ್. ಎಲ್ಲವೂ ನಿಮ್ಮ ಗಾಡಿಯ ವರ್ಷಕ್ಕೇ ಹೊಂದಬೇಕು. 2011ರ ಎಫ್-150ರ ಕೊಯೋಟಿಯಲ್ಲಿ ಕಂಪ್ರೆಷನ್ ಅನುಪಾತ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) 10.5, 2018ರದ್ದರಲ್ಲಿ 12. ಹೊಸದರಲ್ಲಿ ಸಿಲಿಂಡರಿಗೇ ನೇರ ಪೆಟ್ರೋಲ್ ಚಿಮ್ಮಿಸುವ ಎರಡನೇ ಇಂಜೆಕ್ಟರ್ ಸಾಲೂ ಇದೆ. ಒಂದರ ಕಿಟ್ ಇನ್ನೊಂದಕ್ಕೆ ಆಗುವುದಿಲ್ಲ.

ಪೆಟ್ರೋಲೂ ಮುಖ್ಯ. ಹೆಚ್ಚಿನ ಕಿಟ್‌ಗಳು ಕೇಳುವುದು 91 ಅಥವಾ 93 ಆಕ್ಟೇನ್. ಪೆಟ್ರೋಲ್ ನಾಕಿಂಗ್ ಅನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ ಅದು. ಕ್ಯಾಲಿಫೋರ್ನಿಯಾದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಪ್ರೀಮಿಯಂ 91, ಟೆಕ್ಸಸ್‌ನಲ್ಲಿ 93. ನಿಮ್ಮೂರಿನಲ್ಲಿ ಸಿಗುವುದಕ್ಕೆ ತಕ್ಕ ಟ್ಯೂನ್ ಕೇಳಿ ಪಡೆಯಿರಿ. ಊರಿನಿಂದ ಹೋದವರಿಗೆ ಇಲ್ಲೊಂದು ಗೊಂದಲ ಆಗುತ್ತದೆ. ಭಾರತದ 91 ಬೇರೆ, ಅಮೆರಿಕದ 91 ಬೇರೆ. ಅಳೆಯುವ ಕ್ರಮ ಬೇರೆಯಾದ್ದರಿಂದ ಅಮೆರಿಕದ 91 ಅಂದರೆ ಹೆಚ್ಚುಕಡಿಮೆ ನಮ್ಮ 95ರಷ್ಟು.

ಕಾನೂನು, ವಾರಂಟಿ

ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಿಟ್‌ಗೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಬೇಕು. ಅದು 'ಡಿ' ಅಕ್ಷರದಿಂದ ಶುರುವಾಗುತ್ತದೆ. ಆ ಸ್ಟಿಕರ್ ಬಾನೆಟ್ ಕೆಳಗೆ ಅಂಟಿಸಿರಬೇಕು, ಹೊಗೆ ತಪಾಸಣೆಯವರು ಅದನ್ನೇ ಹುಡುಕುತ್ತಾರೆ. ಬೇರೆ ರಾಜ್ಯದಲ್ಲಿದ್ದರೂ ಈ ಸಂಖ್ಯೆ ಇರುವ ಕಿಟ್ಟನ್ನೇ ಕೊಳ್ಳಿ. ಹೊಗೆ ನಿಯಂತ್ರಣದ ಭಾಗಗಳನ್ನು ಕಿತ್ತು ಹಾಕುವುದು ಇಡೀ ದೇಶದಲ್ಲಿ ಕಾನೂನುಬಾಹಿರ.

ಇನ್ನು ವಾರಂಟಿ. ಹೊರಗಿನ ಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ಕಂಪನಿ ಇಡೀ ಗಾಡಿಯ ವಾರಂಟಿ ರದ್ದು ಮಾಡುವಂತಿಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಗ್ರಾಹಕರಿಗೆ ಆ ರಕ್ಷಣೆ ಕೊಡುತ್ತದೆ. ಆದರೆ ಪಿಸ್ಟನ್ ಹೋದದ್ದು ಸೂಪರ್‌ಚಾರ್ಜರ್‌ನಿಂದಲೇ ಅಂತ ಅವರು ತೋರಿಸಿದರೆ ಖರ್ಚು ನಿಮ್ಮದೇ. ಗಾಡಿ ಹೊಸದಾಗಿದ್ದರೆ, ವಾರಂಟಿ ಜೊತೆಗೇ ಬರುವ ಕಿಟ್ಟನ್ನು ಅದರ ಕಂಪನಿ ಒಪ್ಪುವ ಮೆಕ್ಯಾನಿಕ್ ಹತ್ತಿರ ಹಾಕಿಸುವುದು ಜಾಣತನ.

ಕೂರಿಸುವ ಕೆಲಸ

ಮನೆಯ ಗ್ಯಾರೇಜಿನಲ್ಲಿ ಮಾಡುವವರಿದ್ದಾರೆ. ಎಂಜಿನ್ ಬಿಚ್ಚಿ ಜೋಡಿಸಿದ ಅಭ್ಯಾಸ ಇದ್ದರೆ ಮಾತ್ರ ಕೈಹಾಕಿ, ಜೊತೆಗೊಬ್ಬರು ಇರಲಿ. ಮೊದಲು ಕೈಪಿಡಿಯನ್ನು ಆರಂಭದಿಂದ ಕೊನೆಯವರೆಗೆ ಓದಿ. ಪೆಟ್ಟಿಗೆಯ ಸಾಮಾನನ್ನು ಪಟ್ಟಿಯ ಜೊತೆ ತಾಳೆ ನೋಡಿ. ಗಾಡಿ ಬಿಚ್ಚಿದ ಮೇಲೆ ಒಂದು ಓ-ರಿಂಗ್ ಕಮ್ಮಿ ಅಂತ ಗೊತ್ತಾದರೆ ವಾರಗಟ್ಟಲೆ ಗಾಡಿ ಅಲ್ಲೇ ನಿಲ್ಲುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಕಂಪ್ಯೂಟರಿನ ಮೂಲ ಟ್ಯೂನ್ ಉಳಿಸಿಟ್ಟುಕೊಳ್ಳಬೇಕೆಂದು ಕೈಪಿಡಿ ಹೇಳಿದರೆ ಅದನ್ನು ಈಗಲೇ ಮಾಡಿ. ಪೆಟ್ರೋಲ್ ಲೈನಿನ ಒತ್ತಡ ಇಳಿಸಿ, ಬ್ಯಾಟರಿ ನೆಗೆಟಿವ್ ತೆಗೆಯಿರಿ, ಕೂಲೆಂಟ್ ಇಳಿಸಿ. ಹತ್ತಿರದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಆಮೇಲೆ ಏರ್ ಫಿಲ್ಟರ್ ಡಬ್ಬ, ಥ್ರಾಟಲ್ ಬಾಡಿ, ಇನ್‌ಟೇಕ್ ಮ್ಯಾನಿಫೋಲ್ಡ್ ಹೀಗೆ ಒಂದೊಂದೇ ಬಿಚ್ಚಿ. ಬಿಚ್ಚುವ ಮುನ್ನ ಪ್ರತಿ ವೈರ್ ಕನೆಕ್ಟರಿನ, ಹೋಸಿನ ಫೋಟೊ ತೆಗೆದುಕೊಳ್ಳಿ. ಬೋಲ್ಟ್‌ಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆಯಿರಿ.

ಮ್ಯಾನಿಫೋಲ್ಡ್ ಎತ್ತಿದ ಕೂಡಲೇ ಸಿಲಿಂಡರ್ ಹೆಡ್ಡಿನ ಎಂಟು ಬಾಯಿಗಳು ತೆರೆದುಕೊಳ್ಳುತ್ತವೆ. ಕೆಲಸದಲ್ಲಿ ಅತಿ ಅಪಾಯದ ಹೊತ್ತು ಇದೇ. ಒಂದು ಚಿಕ್ಕ ವಾಷರ್ ಒಳಗೆ ಬಿದ್ದರೂ ವಾಲ್ವ್ ದಾಟಿ ಪಿಸ್ಟನ್ ಮೇಲೆ ಹೋಗುತ್ತದೆ. ಮರುಗಳಿಗೆಯಲ್ಲೇ ಅಗಲವಾದ ಟೇಪ್ ಅಂಟಿಸಿ ಎಂಟನ್ನೂ ಮುಚ್ಚಿ. ಗ್ಯಾಸ್ಕೆಟ್ ಕೂರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ. ಲೋಹದಿಂದ ಕೆರೆಯಬೇಡಿ, ಅಲ್ಯುಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ.

ಸ್ಪಾರ್ಕ್ ಪ್ಲಗ್ ಬದಲಿಸುವುದೂ ಈಗಲೇ. ಒತ್ತಡ ಹೆಚ್ಚಿದ ಸಿಲಿಂಡರಿನಲ್ಲಿ ಕಿಡಿ ಹಾರುವುದು ಕಷ್ಟ. ಹಾಗಾಗಿ ಪ್ಲಗ್ಗಿನ ಗ್ಯಾಪ್ ಮೂಲಕ್ಕಿಂತ ಕಿರಿದಾಗಿರಬೇಕು. ಎಷ್ಟು ಅಂತ ಕೈಪಿಡಿ ಹೇಳುತ್ತದೆ, ಫೀಲರ್ ಗೇಜಿನಿಂದ ಎಂಟನ್ನೂ ಅಳೆಯಿರಿ.

ಸೂಪರ್‌ಚಾರ್ಜರ್ ಭಾರ. ಇಬ್ಬರು ಹಿಡಿದು, ಇಲ್ಲವೇ ಹಾಯ್ಸ್ಟ್‌ನಿಂದ ನೇರವಾಗಿ ಇಳಿಸಿ. ಜಾರಿಸಿದರೆ ಗ್ಯಾಸ್ಕೆಟ್ ಮಡಚಿಕೊಳ್ಳುತ್ತದೆ. ಟೇಪ್ ತೆಗೆಯುವುದು ಇಳಿಸುವ ಮುನ್ನ ಕೊನೇ ಗಳಿಗೆಯಲ್ಲಿ, ಎಂಟು ತುಂಡನ್ನೂ ಎಣಿಸಿ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಕೈಪಿಡಿಯ ಕ್ರಮದಲ್ಲಿ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಬಳಸಿ. ಇಲ್ಲಿ ಕಣ್ಣು ನೆಟ್ಟು ಓದಿ: ಅಮೆರಿಕದ ಕೈಪಿಡಿಗಳಲ್ಲಿ ಇಂಚ್-ಪೌಂಡ್, ಫುಟ್-ಪೌಂಡ್ ಎರಡೂ ಇರುತ್ತವೆ. 89 ಇಂಚ್-ಪೌಂಡ್ ಅಂದರೆ ಬರೀ 10 ನ್ಯೂಟನ್-ಮೀಟರ್. ಅದನ್ನು ಫುಟ್-ಪೌಂಡ್ ಅಂದುಕೊಂಡರೆ 12 ಪಟ್ಟು ಜಾಸ್ತಿ ಬಿಗಿದಂತೆ. ಬೋಲ್ಟ್ ಮುರಿಯುತ್ತದೆ, ಇಲ್ಲವೇ ಹೆಡ್ಡಿನ ಥ್ರೆಡ್ಡೇ ಕಿತ್ತು ಬರುತ್ತದೆ.

ಬೆಲ್ಟ್ ಹೋಗುವ ದಾರಿಯನ್ನು ಚಿತ್ರ ನೋಡಿಯೇ ಹಾಕಿ. ಪ್ರತಿ ಪುಲ್ಲಿಯ ತೋಡಿನಲ್ಲೂ ಬೆಲ್ಟಿನ ಏಣುಗಳು ಸರಿಯಾಗಿ ಕೂತಿವೆಯೇ ಅಂತ ಬೆರಳಿನಿಂದ ಮುಟ್ಟಿ ನೋಡಿ. ಮುಂದಿನ ಬಂಪರ್ ಬಿಚ್ಚಿ ಚಿಕ್ಕ ರೇಡಿಯೇಟರ್ ಕೂರಿಸುವುದು ಹೆಚ್ಚು ಹೊತ್ತು ಹಿಡಿದರೂ ಕಷ್ಟದ ಕೆಲಸವಲ್ಲ. ಹೋಸ್‌ಗಳು ಬೆಲ್ಟಿಗೆ, ಚೂಪಾದ ತಗಡಿಗೆ ತಾಗದಿದ್ದರೆ ಸಾಕು. ಇಂಟರ್‌ಕೂಲರ್ ಲೈನಿಗೆ ಕೂಲೆಂಟ್ ತುಂಬಿದ ಮೇಲೆ ಗಾಳಿ ಬಿಡಿಸಬೇಕು. ಬ್ಯಾಟರಿ ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಪಂಪು ಓಡಿಸಿ ಟ್ಯಾಂಕಿನೊಳಗೆ ನೋಡಿ. ನೀರು ಸುಳಿಯುತ್ತಿರಬೇಕು, ಗುಳ್ಳೆ ನಿಲ್ಲಬೇಕು. ಸುಳಿಯದೆ ಸುಮ್ನೆ ನಿಂತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಟ್ಯೂನ್ ಇಲ್ಲದೆ ಸ್ಟಾರ್ಟ್ ಬೇಡ

ದೊಡ್ಡ ಇಂಜೆಕ್ಟರ್ ಹಾಕಿದ್ದೀರಿ, ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಕಿಟ್ ಜೊತೆ ಬಂದ ಸಾಧನದಿಂದ ಹೊಸ ಟ್ಯೂನ್ ಹಾಕಿ. ಅಷ್ಟೂ ಹೊತ್ತು ಬ್ಯಾಟರಿಗೆ ಚಾರ್ಜರ್ ಜೋಡಿಸಿರಲಿ, ನಡುವೆ ಕರೆಂಟ್ ಕುಸಿದರೆ ಕಂಪ್ಯೂಟರ್ ಸತ್ತುಹೋಗಬಹುದು. ಆಮೇಲೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಇಂಜೆಕ್ಟರ್ ಸಾಲಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಪೆಟ್ರೋಲ್ ವಾಸನೆಯಾಗಲಿ, ತೇವವಾಗಲಿ ಇರಬಾರದು. ಎರಡು-ಮೂರು ಸಲ ಹೀಗೆ ಮಾಡಿ. ಎಲ್ಲ ಒಣಗಿದ್ದರೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಸಿಯಾಗಲು ಬಿಡಿ. ಬೆಲ್ಟ್ ನೇರವಾಗಿ ಓಡುತ್ತಿದೆಯೇ, ಎಲ್ಲಾದರೂ ಬುಸುಗುಡುವ ಸದ್ದಿದೆಯೇ ಗಮನಿಸಿ.

ಮೊದಲ ಓಡಾಟ ಮೆತ್ತಗಿರಲಿ. ಆಮೇಲೆ ಟ್ಯೂನ್ ಸಾಧನದಲ್ಲಿ ಲಾಗ್ ದಾಖಲಿಸಿ. ಗಾಳಿ-ಪೆಟ್ರೋಲ್ ಅನುಪಾತ, ನಾಕಿಂಗ್ ಕಂಡು ಕಂಪ್ಯೂಟರ್ ಕಿಡಿಯನ್ನು ತಡವಾಗಿಸಿದ ಪ್ರಮಾಣ, ಒಳಗೆ ಹೋಗುವ ಗಾಳಿಯ ಬಿಸಿ, ಈ ಮೂರು ಬೇಕೇ ಬೇಕು. ಮಾಮೂಲಿ ಓಟದಲ್ಲಿ ಅನುಪಾತ 14.7ರ ಸುತ್ತ ಇರುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದು ಸಾಮಾನ್ಯವಾಗಿ 12ರ ಆಸುಪಾಸಿಗೆ ಇಳಿಯಬೇಕು. 13 ದಾಟಿ ಮೇಲೆ ಹೋಗುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ತಕ್ಷಣ ಕಾಲು ತೆಗೆಯಿರಿ, ಲಾಗನ್ನು ಕಿಟ್ ಕಂಪನಿಗೆ ಕಳಿಸಿ, ಉತ್ತರ ಬರುವವರೆಗೆ ಜೋರಾಗಿ ಓಡಿಸಬೇಡಿ.

ಸುಮಾರು 500 ಮೈಲು ಆದ ಮೇಲೆ ಬೆಲ್ಟ್, ಕ್ಲ್ಯಾಂಪ್, ಕೂಲೆಂಟ್ ಮಟ್ಟ ಮತ್ತೆ ನೋಡಿ, ಎಂಜಿನ್ ಆಯಿಲ್ ಬದಲಿಸಿ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆಯ ವಿಷಯ ಬರಹದಲ್ಲಿ ತಿಳಿಸಿ. ಬಿಚ್ಚಿದ ಇನ್‌ಟೇಕ್ ಮ್ಯಾನಿಫೋಲ್ಡ್, ಹಳೇ ಇಂಜೆಕ್ಟರ್, ಬೋಲ್ಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಎತ್ತಿಡಿ. ಗಾಡಿ ಮಾರುವಾಗ ಅವು ಬೇಕಾಗುತ್ತವೆ.